ಮುಕ್ತ ತಂತ್ರಾಂಶದ ಸರ್ವರ್: ಪರವಾನಗಿ ಉಚಿತ, ಪಾಲನೆ ಉಚಿತವಲ್ಲ

ಸಣ್ಣ ಕಾರ್ಖಾನೆಗಳಲ್ಲಿಯೂ ಸಗಟು ವ್ಯಾಪಾರದ ಮಳಿಗೆಗಳಲ್ಲಿಯೂ ಇಂದು ಲೆಕ್ಕಪತ್ರ, ದಾಸ್ತಾನು, ಬಿಲ್ಲು, ಪತ್ರವ್ಯವಹಾರಗಳೆಲ್ಲವೂ ಗಣಕಯಂತ್ರದಲ್ಲಿಯೇ ನಡೆಯುತ್ತಿರುವುದು ಸರ್ವವಿದಿತ. ನಾಲ್ಕೈದು ಮಂದಿ ಒಂದೇ ಲೆಕ್ಕವನ್ನು ಹಂಚಿಕೊಂಡು ಕೆಲಸ ಮಾಡಬೇಕಾದಾಗ ನಡುವೆ ಒಂದು ಸರ್ವರ್ ಅವಶ್ಯವಾಗುತ್ತದೆ. ಪರವಾನಗಿ ಶುಲ್ಕದ ಹೊರೆಯನ್ನು ತಪ್ಪಿಸಿಕೊಳ್ಳಲು ಅನೇಕ ಉದ್ದಿಮೆದಾರರು ಲಿನಕ್ಸ್ ಆಧಾರಿತ ಸರ್ವರನ್ನು ಆರಿಸಿಕೊಂಡಿದ್ದಾರೆ. ಕಚೇರಿಯ ಮೂಲೆಯಲ್ಲಿ, ಕಪಾಟಿನ ಪಕ್ಕದಲ್ಲಿ ಇರಿಸಿದ ಈ ಯಂತ್ರ ವರ್ಷಗಟ್ಟಲೆ ನಿಲ್ಲದೆ ಓಡುತ್ತದೆ. ನಿಲ್ಲದೆ ಓಡುವುದು ಅದರ ಗುಣ. ಯಾರೂ ಅದರತ್ತ ನೋಡದಂತೆ ಮಾಡುವುದೂ ಅದೇ ಗುಣ.

ಒಂದು ದಿನ ಅದು ನಿಲ್ಲುತ್ತದೆ. ಅದನ್ನು ಅಳವಡಿಸಿದ ತಂತ್ರಜ್ಞ ಬೇರೆ ಊರಿಗೆ ಹೋಗಿರುತ್ತಾನೆ. ಪಾಸ್‌ವರ್ಡ್ ಯಾರಿಗೂ ತಿಳಿದಿರುವುದಿಲ್ಲ. ಬ್ಯಾಕಪ್ ಆಗುತ್ತಿದೆಯೆಂದು ಎಲ್ಲರೂ ನಂಬಿರುತ್ತಾರೆ, ನೋಡಿದವರು ಮಾತ್ರ ಒಬ್ಬರೂ ಇರುವುದಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಹ ಈ ಸ್ಥಿತಿಯನ್ನು ತಪ್ಪಿಸಲು ದೊಡ್ಡ ತಾಂತ್ರಿಕ ಪಾಂಡಿತ್ಯ ಬೇಕಿಲ್ಲ. ಕಿರ್ದಿ ಖಾತೆಗಳನ್ನು ಬರೆಯುವಲ್ಲಿ ವರ್ತಕರು ತಲೆಮಾರುಗಳಿಂದ ಪಾಲಿಸುತ್ತ ಬಂದಿರುವ ಶಿಸ್ತನ್ನೇ, ಅಂದರೆ ಬರೆದಿಡುವುದು, ತಾಳೆ ನೋಡುವುದು ಮತ್ತು ಕಣ್ಣಾರೆ ಪರಿಶೀಲಿಸುವುದನ್ನು, ಸರ್ವರಿಗೂ ಅನ್ವಯಿಸಿದರೆ ಸಾಕು.

ಮುಕ್ತ ತಂತ್ರಾಂಶ ಮತ್ತು ಹೊಣೆಗಾರಿಕೆ

ಮೂಲ ಸಂಕೇತವನ್ನು ಯಾರು ಬೇಕಾದರೂ ನೋಡಲು, ಬಳಸಲು, ತಿದ್ದಲು ಮತ್ತು ಹಂಚಲು ಪರವಾನಗಿಯೇ ಅನುಮತಿ ನೀಡುವ ತಂತ್ರಾಂಶವನ್ನು ಮುಕ್ತ ತಂತ್ರಾಂಶ ಎನ್ನುತ್ತಾರೆ. 1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್, ಅದರ ಮೇಲೆ ರೂಪುಗೊಂಡ ಡೆಬಿಯನ್, ಉಬುಂಟು ಮೊದಲಾದ ಆವೃತ್ತಿಗಳು, ಕಡತಗಳನ್ನು ವಿಂಡೋಸ್ ಯಂತ್ರಗಳೊಡನೆ ಹಂಚಿಕೊಳ್ಳಲು ನೆರವಾಗುವ ಸಾಂಬಾ, ದತ್ತಾಂಶ ಸಂಗ್ರಹಕ್ಕೆ ಬಳಸುವ ಮರಿಯಾಡಿಬಿ ಹಾಗೂ ಪೋಸ್ಟ್‌ಗ್ರೆಸ್ ಇವೆಲ್ಲವೂ ಈ ವರ್ಗಕ್ಕೆ ಸೇರುತ್ತವೆ.

ಈ ಪರವಾನಗಿಗಳಲ್ಲಿ ಸಾಮಾನ್ಯವಾಗಿ ಕಾಣುವ ಒಂದು ಷರತ್ತನ್ನು ಉದ್ದಿಮೆದಾರರು ಗಮನಿಸುವುದು ಒಳಿತು. ತಂತ್ರಾಂಶವನ್ನು ಇದ್ದದ್ದು ಇದ್ದಂತೆ ನೀಡಲಾಗಿದೆ, ಯಾವುದೇ ಖಾತರಿ ಇರುವುದಿಲ್ಲ ಎಂಬುದೇ ಆ ಷರತ್ತು. ಅಂದರೆ ದತ್ತಾಂಶ ನಷ್ಟವಾದಲ್ಲಿ ಪರಿಹಾರ ಕೇಳಲು ಎದುರು ಪಕ್ಷವೇ ಇರುವುದಿಲ್ಲ. ಉಳಿತಾಯವಾದ ಶುಲ್ಕದ ಒಂದು ಅಂಶವನ್ನು ಪಾಲನೆಗೆ ಮೀಸಲಿಡುವುದು ನ್ಯಾಯವಾದ ಲೆಕ್ಕಾಚಾರ.

ಕಾನೂನಿನ ದೃಷ್ಟಿ

ಸರ್ವರಿನ ಪಾಲನೆ ತಾಂತ್ರಿಕ ಸಿಬ್ಬಂದಿಯ ವಿಷಯವೆಂದು ಭಾವಿಸುವವರು ಕೆಳಕಂಡ ನಿಯಮಗಳನ್ನು ಪರಿಶೀಲಿಸಬೇಕು.

ಕೇಂದ್ರ ಸರಕು ಮತ್ತು ಸೇವಾ ತೆರಿಗೆ ನಿಯಮಗಳ 57ನೇ ನಿಯಮವು ವಿದ್ಯುನ್ಮಾನ ದಾಖಲೆಗಳಿಗೆ ಸೂಕ್ತ ಬ್ಯಾಕಪ್ ಇರಬೇಕೆಂದು ಹೇಳುವುದರ ಜೊತೆಗೆ, ಅವಘಡದಿಂದಾಗಲೀ ನೈಸರ್ಗಿಕ ಕಾರಣದಿಂದಾಗಲೀ ದಾಖಲೆಗಳು ನಾಶವಾದಲ್ಲಿ ಸೂಕ್ತ ಕಾಲಾವಧಿಯೊಳಗೆ ಅವನ್ನು ಮರಳಿ ಪಡೆಯುವಂತಿರಬೇಕೆಂದೂ ವಿಧಿಸುತ್ತದೆ. ಅಧಿಕಾರಿಗಳು ಕೇಳಿದಾಗ ಕಡತಗಳ ವಿವರ, ಅವುಗಳ ಪಾಸ್‌ವರ್ಡ್ ಹಾಗೂ ಬಳಸಿದ ಸಂಕೇತಗಳ ವಿವರಣೆಯನ್ನು ಒದಗಿಸಬೇಕು. ಆದ್ದರಿಂದ ಪಾಸ್‌ವರ್ಡ್ ತಂತ್ರಜ್ಞನಲ್ಲಿ ಮಾತ್ರ ಇದೆ ಎಂಬ ಉತ್ತರ ಸಮರ್ಥನೆಯಾಗಲಾರದು. ಅಧಿನಿಯಮದ 36ನೇ ಕಲಮಿನಂತೆ ದಾಖಲೆಗಳನ್ನು ಆಯಾ ವರ್ಷದ ವಾರ್ಷಿಕ ವಿವರಪಟ್ಟಿ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. 2024-25ನೇ ಸಾಲಿಗೆ ಆ ಕೊನೆಯ ದಿನವನ್ನು 2025ರ ಡಿಸೆಂಬರ್ 31 ಎಂದು ಹಿಡಿದರೆ, ಆ ಸಾಲಿನ ದಾಖಲೆಗಳು 2031ರ ಡಿಸೆಂಬರ್ 31ರವರೆಗೆ ಇರಬೇಕಾಗುತ್ತದೆ. ಮೇಲ್ಮನವಿಯಂತಹ ವ್ಯವಹರಣೆ ಬಾಕಿಯಿದ್ದಲ್ಲಿ ಅವಧಿ ಇನ್ನೂ ಮುಂದುವರಿಯಬಹುದು.

ಕಂಪನಿಗಳಿಗೆ ಹೊಣೆ ಮತ್ತಷ್ಟು ಹೆಚ್ಚು. 2013ರ ಕಂಪನಿಗಳ ಅಧಿನಿಯಮದ 128ನೇ ಕಲಮಿನ ಪ್ರಕಾರ ಲೆಕ್ಕಪುಸ್ತಕಗಳನ್ನು ಎಂಟು ಆರ್ಥಿಕ ವರ್ಷಗಳ ಕಾಲ ಇಟ್ಟುಕೊಳ್ಳಬೇಕು. ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ ಭಾರತದಲ್ಲಿಯೇ ಇರುವ ಸರ್ವರಿನಲ್ಲಿ ಪ್ರತಿದಿನವೂ ಆಗಬೇಕೆಂದು 2022ರ ಆಗಸ್ಟ್ ತಿಂಗಳ ತಿದ್ದುಪಡಿ ವಿಧಿಸಿದೆ. ಮೊದಲು ನಿಯತಕಾಲಿಕವಾಗಿ ಎಂದಷ್ಟೇ ಇತ್ತು. ಈ ಕಲಮಿನ ಉಲ್ಲಂಘನೆಗೆ ರೂ. 50,000ಕ್ಕೆ ಕಡಿಮೆಯಿಲ್ಲದ, ರೂ. 5 ಲಕ್ಷದವರೆಗೆ ವಿಸ್ತರಿಸಬಹುದಾದ ದಂಡವಿದೆ. ದಂಡಕ್ಕೆ ಗುರಿಯಾಗುವವರು ವ್ಯವಸ್ಥಾಪಕ ನಿರ್ದೇಶಕರು, ಹಣಕಾಸಿನ ಹೊಣೆ ಹೊತ್ತ ನಿರ್ದೇಶಕರು, ಮುಖ್ಯ ಹಣಕಾಸು ಅಧಿಕಾರಿ ಅಥವಾ ಮಂಡಳಿಯು ಈ ಹೊಣೆಯನ್ನು ವಹಿಸಿದ ವ್ಯಕ್ತಿ. ಹೊರಗಿನಿಂದ ಬಂದು ಸರ್ವರ್ ರಿಪೇರಿ ಮಾಡಿ ಹೋಗುವವರು ಈ ಪಟ್ಟಿಯಲ್ಲಿಲ್ಲ.

ಸರ್ವರಿಗೊಂದು ರಿಜಿಸ್ಟರ್

ಯಂತ್ರೋಪಕರಣಗಳಿಗೆ ಆಸ್ತಿ ರಿಜಿಸ್ಟರ್ ಇರುವಂತೆ ಸರ್ವರಿಗೂ ಒಂದು ರಿಜಿಸ್ಟರ್ ಇರಬೇಕು. ಇದು ಕಾಗದದ ಮೇಲೆಯೇ ಇರುವುದು ಕ್ಷೇಮ. ಸರ್ವರಿನೊಳಗೆ ಇಟ್ಟ ರಿಜಿಸ್ಟರ್ ಸರ್ವರ್ ನಿಂತಾಗ ಸಿಗುವುದಿಲ್ಲ. ಯಂತ್ರವನ್ನು ಖರೀದಿಸಿದ ದಿನಾಂಕ, ಡಿಸ್ಕುಗಳ ಗಾತ್ರ ಮತ್ತು ಅಳವಡಿಸಿದ ದಿನ, ಲಿನಕ್ಸಿನ ಯಾವ ಆವೃತ್ತಿ, ಯಾವ ಯಾವ ಸೇವೆಗಳು ಅದರ ಮೇಲೆ ನಡೆಯುತ್ತವೆ, ಲೆಕ್ಕದ ದತ್ತಾಂಶ ಯಾವ ಫೋಲ್ಡರಿನಲ್ಲಿದೆ, ಬ್ಯಾಕಪ್ ಎಲ್ಲಿಗೆ ಹೋಗುತ್ತದೆ ಎಂಬ ವಿವರಗಳು ಮೊದಲ ಪುಟದಲ್ಲಿರಲಿ. ನಂತರದ ಪುಟಗಳಲ್ಲಿ ಪ್ರತಿಯೊಂದು ಬದಲಾವಣೆಯನ್ನೂ ದಿನಾಂಕ, ಮಾಡಿದವರ ಹೆಸರು, ಕಾರಣ ಮತ್ತು ಸಹಿಯೊಡನೆ ದಾಖಲಿಸಬೇಕು. ನಿನ್ನೆ ಸರಿಯಾಗಿದ್ದ ಸರ್ವರ್ ಇಂದು ಕೈಕೊಟ್ಟಾಗ ತಂತ್ರಜ್ಞರು ಕೇಳುವ ಮೊದಲ ಪ್ರಶ್ನೆ ಏನನ್ನು ಬದಲಾಯಿಸಲಾಗಿತ್ತು ಎಂಬುದೇ ಆಗಿರುತ್ತದೆ.

ಬೀಗದ ಕೈ ಯಾರ ಬಳಿ

ಲಿನಕ್ಸಿನಲ್ಲಿ ‘ರೂಟ್’ ಎಂಬ ಖಾತೆಗೆ ಸರ್ವಾಧಿಕಾರವಿರುತ್ತದೆ. ಈ ಖಾತೆಯಿಂದ ನೀಡಿದ ಅಳಿಸುವ ಆದೇಶವನ್ನು ಯಂತ್ರ ಬಹುತೇಕ ಮರುಪ್ರಶ್ನಿಸದೆ ನೆರವೇರಿಸುತ್ತದೆ. ಆದುದರಿಂದ ದಿನನಿತ್ಯದ ಕೆಲಸಕ್ಕೆ ರೂಟ್ ಖಾತೆಯನ್ನು ಬಳಸಬಾರದು. ಪ್ರತಿಯೊಬ್ಬರಿಗೂ ಅವರವರ ಹೆಸರಿನ ಖಾತೆ ತೆರೆದು, ಅಗತ್ಯವಿದ್ದಾಗ ಮಾತ್ರ ‘ಸುಡೊ’ ಎಂಬ ಸೌಲಭ್ಯದ ಮೂಲಕ ಹೆಚ್ಚಿನ ಅಧಿಕಾರ ಪಡೆಯುವ ವ್ಯವಸ್ಥೆ ಮಾಡಿದರೆ ಯಾರು ಯಾವಾಗ ಅದನ್ನು ಬಳಸಿದರೆಂಬುದು ಯಂತ್ರದ ದಾಖಲೆಯಲ್ಲಿ ಉಳಿಯುತ್ತದೆ. ಕೆಲಸ ಬಿಟ್ಟು ಹೋದವರ ಖಾತೆಯನ್ನು ಅಂದೇ ಮುಚ್ಚಬೇಕು. ರೂಟ್ ಪಾಸ್‌ವರ್ಡನ್ನು ಮೊಹರು ಮಾಡಿದ ಲಕೋಟೆಯಲ್ಲಿ ಮಾಲೀಕರ ಲಾಕರಿನಲ್ಲಿ ಇರಿಸುವುದು ಹಳೆಯ ಪದ್ಧತಿಯಾದರೂ ಇಂದಿಗೂ ಫಲಕಾರಿ.

ಇಲ್ಲಿ ಲೆಕ್ಕಪರಿಶೋಧನೆಗೆ ಸಂಬಂಧಿಸಿದ ಒಂದು ಸೂಕ್ಷ್ಮವಿದೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ದಾಖಲಾಗಬೇಕು ಮತ್ತು ಅದನ್ನು ನಿಷ್ಕ್ರಿಯಗೊಳಿಸಲು ಸಾಧ್ಯವಾಗಬಾರದು. ಆದರೆ ಮುಕ್ತ ತಂತ್ರಾಂಶದ ಲೆಕ್ಕ ವ್ಯವಸ್ಥೆಗಳಲ್ಲಿ ದತ್ತಾಂಶವು ಮರಿಯಾಡಿಬಿ ಅಥವಾ ಪೋಸ್ಟ್‌ಗ್ರೆಸ್‌ನಲ್ಲಿ ಕುಳಿತಿರುತ್ತದೆ. ಅದರ ಪಾಸ್‌ವರ್ಡ್ ತಿಳಿದವರು ಲೆಕ್ಕದ ತಂತ್ರಾಂಶವನ್ನು ತೆರೆಯದೆಯೇ ಅಂಕಿಗಳನ್ನು ನೇರವಾಗಿ ಬದಲಾಯಿಸಬಲ್ಲರು. ಆಗ ತಂತ್ರಾಂಶದ ಜಾಡಿನಲ್ಲಿ ಅದು ಕಾಣುವುದಿಲ್ಲ. ನಗದು ಗುಮಾಸ್ತನೇ ಖಾತೆ ಬರೆಯಬಾರದೆಂಬ ಹಳೆಯ ನಿಯಮದಂತೆ, ಲೆಕ್ಕ ಬರೆಯುವವರಿಗೆ ಸರ್ವರಿನ ಅಧಿಕಾರವಿರಬಾರದು, ಸರ್ವರ್ ನೋಡಿಕೊಳ್ಳುವವರಿಗೆ ಲೆಕ್ಕ ಬರೆಯುವ ಅಧಿಕಾರವಿರಬಾರದು. ದತ್ತಾಂಶ ಸಂಗ್ರಹದ ಮಟ್ಟದಲ್ಲಿಯೂ ತಿದ್ದುಪಡಿಗಳ ದಾಖಲೆಯನ್ನು ಚಾಲನೆಯಲ್ಲಿಡುವಂತೆ ತಂತ್ರಜ್ಞರಿಗೆ ಸೂಚಿಸಬೇಕು.

ಬ್ಯಾಕಪ್: ಮೂರು ತಪ್ಪು ಕಲ್ಪನೆಗಳು

ಮೊದಲನೆಯದು, ಎರಡು ಡಿಸ್ಕುಗಳಿರುವುದರಿಂದ ಬ್ಯಾಕಪ್ ಬೇಡವೆಂಬ ಕಲ್ಪನೆ. ‘ರೇಡ್’ ಎಂಬ ವ್ಯವಸ್ಥೆಯಲ್ಲಿ ಒಂದೇ ದತ್ತಾಂಶ ಎರಡು ಡಿಸ್ಕುಗಳ ಮೇಲೆ ಏಕಕಾಲದಲ್ಲಿ ಬರೆಯಲ್ಪಡುತ್ತದೆ. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದು ಕೆಲಸವನ್ನು ಮುಂದುವರಿಸುತ್ತದೆ. ಆದರೆ ಗುಮಾಸ್ತ ತಪ್ಪಿನಿಂದ ಒಂದು ಕಡತವನ್ನು ಅಳಿಸಿದರೆ ಅದು ಎರಡರಿಂದಲೂ ಅದೇ ಕ್ಷಣದಲ್ಲಿ ಅಳಿದುಹೋಗುತ್ತದೆ. ಕಳವು, ಬೆಂಕಿ, ಸಿಡಿಲುಗಳಲ್ಲಿ ಎರಡೂ ಒಟ್ಟಿಗೇ ಹೋಗುತ್ತವೆ. ರೇಡ್ ಯಂತ್ರವನ್ನು ನಿಲ್ಲದಂತೆ ಕಾಯುತ್ತದೆ. ದತ್ತಾಂಶವನ್ನು ಕಾಯುವುದು ಬ್ಯಾಕಪ್.

ಎರಡನೆಯದು, ಲಿನಕ್ಸಿಗೆ ವೈರಸ್ ತಗಲುವುದಿಲ್ಲವೆಂಬ ಕಲ್ಪನೆ. ಸಾಂಬಾ ಮೂಲಕ ಹಂಚಿದ ಫೋಲ್ಡರನ್ನು ವಿಂಡೋಸ್ ಯಂತ್ರವೊಂದು ತೆರೆದಿಟ್ಟಿರುವಾಗ ಆ ಯಂತ್ರಕ್ಕೆ ಸುಲಿಗೆ ವೈರಸ್ ತಗಲಿದರೆ, ತನ್ನ ಕಡತಗಳ ಜೊತೆಗೆ ಹಂಚಿದ ಫೋಲ್ಡರಿನ ಕಡತಗಳನ್ನೂ ಅದು ಗೂಢಲಿಪಿಗೆ ಬದಲಾಯಿಸಿಬಿಡುತ್ತದೆ. ಸರ್ವರಿಗೆ ಸೋಂಕು ತಗಲದೆಯೇ ಅದರೊಳಗಿನ ಲೆಕ್ಕ ನಾಶವಾಗುತ್ತದೆ. ಅಲ್ಲದೆ 2017ರ ಮೇ ತಿಂಗಳಲ್ಲಿ ಸಾಂಬಾ ತಂತ್ರಾಂಶದಲ್ಲಿಯೇ ಗಂಭೀರ ಲೋಪವೊಂದು ಬಯಲಾಯಿತು. ಬರೆಯುವ ಅನುಮತಿಯಿರುವ ಫೋಲ್ಡರಿನ ಮೂಲಕ ಹೊರಗಿನವರು ತಮ್ಮ ಸಂಕೇತವನ್ನು ಸರ್ವರಿನಲ್ಲಿ ಓಡಿಸಲು ಅದು ಅವಕಾಶ ನೀಡುತ್ತಿತ್ತು. ಪರಿಹಾರ ಕೂಡಲೇ ಬಿಡುಗಡೆಯಾಯಿತು, ಆದರೆ ಅಳವಡಿಸಿಕೊಂಡವರಿಗೆ ಮಾತ್ರ ಅದರ ಫಲ ದೊರಕಿತು.

ಮೂರನೆಯದು, ದತ್ತಾಂಶದ ಫೋಲ್ಡರನ್ನು ನಕಲು ಮಾಡಿದರೆ ಸಾಕೆಂಬ ಕಲ್ಪನೆ. ಮರಿಯಾಡಿಬಿ, ಪೋಸ್ಟ್‌ಗ್ರೆಸ್‌ಗಳು ಚಾಲನೆಯಲ್ಲಿರುವಾಗ ಅವುಗಳ ಕಡತಗಳನ್ನು ಹಾಗೆಯೇ ನಕಲು ಮಾಡಿದರೆ ಅರ್ಧ ಬರೆದ ನಮೂದುಗಳು ಸೇರಿ ಆ ನಕಲು ತೆರೆಯದೇ ಹೋಗಬಹುದು. ವ್ಯಾಪಾರ ನಡೆಯುತ್ತಿರುವಾಗಲೇ ದಾಸ್ತಾನು ಎಣಿಸಿದಂತಾಗುತ್ತದೆ ಈ ಕೆಲಸ. ಇದಕ್ಕಾಗಿಯೇ ಇರುವ ‘ಮರಿಯಾಡಿಬಿ ಡಂಪ್’, ‘ಪಿಜಿ ಡಂಪ್’ ಎಂಬ ಸಾಧನಗಳನ್ನು ಬಳಸಿ ಮೊದಲು ಒಂದು ಸುಸಂಬದ್ಧ ಪ್ರತಿಯನ್ನು ತೆಗೆದು, ನಂತರ ಆ ಪ್ರತಿಯನ್ನು ಸಾಗಿಸಬೇಕು. ವಿಂಡೋಸ್ ಲೆಕ್ಕದ ತಂತ್ರಾಂಶದ ದತ್ತಾಂಶವನ್ನು ಲಿನಕ್ಸ್ ಸರ್ವರಿನಲ್ಲಿ ಇರಿಸಿರುವವರು ಎಲ್ಲರೂ ಕೆಲಸ ಮುಗಿಸಿದ ನಂತರದ ರಾತ್ರಿಯ ವೇಳೆಯಲ್ಲಿ ಬ್ಯಾಕಪ್ ಇರಿಸಿಕೊಳ್ಳುವುದು ಸೂಕ್ತ.

ಒಳ್ಳೆಯ ಬ್ಯಾಕಪ್ಪಿಗೆ ಸರಳ ಸೂತ್ರವೊಂದು ಬಳಕೆಯಲ್ಲಿದೆ: ಒಟ್ಟು ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಸ್ಥಳದಲ್ಲಿ. ಸಣ್ಣ ಉದ್ದಿಮೆಗೆ ಇದನ್ನು ಹೀಗೆ ಅಳವಡಿಸಬಹುದು. ಪ್ರತಿ ರಾತ್ರಿ ‘ಕ್ರಾನ್’ ಎಂಬ ವೇಳಾಪಟ್ಟಿ ಸೌಲಭ್ಯದ ಮೂಲಕ ಬ್ಯಾಕಪ್ ತಾನಾಗಿಯೇ ಆಗಿ, ‘ಆರ್‌ಸಿಂಕ್’ ಸಾಧನದಿಂದ ಇನ್ನೊಂದು ಚಿಕ್ಕ ಸರ್ವರಿಗೆ ಹೋಗಲಿ. ಎರಡು ಹೊರ ಡಿಸ್ಕುಗಳನ್ನು ವಾರಕ್ಕೊಂದರಂತೆ ಸರದಿಯಲ್ಲಿ ಬಳಸಿ, ಬಳಕೆಯಲ್ಲಿಲ್ಲದ್ದನ್ನು ಗೂಢಲಿಪೀಕರಿಸಿ ಮನೆಯಲ್ಲಿ ಅಥವಾ ಬ್ಯಾಂಕ್ ಲಾಕರಿನಲ್ಲಿ ಇರಿಸಲಿ. ಸದಾ ಚುಚ್ಚಿಯೇ ಇಟ್ಟ ಡಿಸ್ಕನ್ನು ಸರ್ವರಿನೊಳಗೆ ನುಸುಳಿದವರು ಅಳಿಸಬಲ್ಲರು. ಗೂಢಲಿಪಿಯ ಕೀಲಿಪದವೂ ಮೊಹರಿನ ಲಕೋಟೆಯಲ್ಲಿರಬೇಕು, ಇಲ್ಲವಾದಲ್ಲಿ ಬ್ಯಾಕಪ್ ಇದ್ದೂ ಇಲ್ಲದಂತೆ. ಕಂಪನಿಗಳು ನಿಯಮದಲ್ಲಿ ಸರ್ವರ್ ಎಂಬ ಪದವಿರುವುದನ್ನು ಗಮನಿಸಿ, ಹೊರ ಡಿಸ್ಕನ್ನು ಹೆಚ್ಚುವರಿ ರಕ್ಷಣೆಯೆಂದು ಮಾತ್ರ ಪರಿಗಣಿಸಬೇಕು.

ಪ್ರತಿದಿನವೂ ಹಿಂದಿನ ಪ್ರತಿಯ ಮೇಲೆಯೇ ಬರೆಯುವ ಪದ್ಧತಿ ಅಪಾಯಕಾರಿ. ಇಂದಿನ ತಪ್ಪು ನಾಳೆಯ ಬ್ಯಾಕಪ್ಪಿಗೂ ಸೇರಿಕೊಳ್ಳುತ್ತದೆ. ಏಳು ದಿನಗಳ, ನಾಲ್ಕು ವಾರಗಳ ಮತ್ತು ಹನ್ನೆರಡು ತಿಂಗಳುಗಳ ಪ್ರತಿಗಳನ್ನು ದಿನಾಂಕ ಸಹಿತ ಬೇರೆ ಬೇರೆಯಾಗಿ ಇರಿಸಿಕೊಳ್ಳಬೇಕು. ಮಾರ್ಚ್ 31ರ ಪ್ರತಿಯನ್ನೂ ಲೆಕ್ಕಪರಿಶೋಧನೆ ಮುಗಿದ ದಿನದ ಪ್ರತಿಯನ್ನೂ ಕಾನೂನಿನ ಅವಧಿ ಮುಗಿಯುವವರೆಗೆ ಕಾಪಾಡಬೇಕು. ಅವುಗಳ ಜೊತೆಗೆ ಅಂದು ಬಳಸುತ್ತಿದ್ದ ತಂತ್ರಾಂಶದ ಆವೃತ್ತಿಯನ್ನೂ ಇರಿಸುವುದು ವಿವೇಕ. ಎಂಟು ವರ್ಷಗಳ ನಂತರ ಹೊಸ ಆವೃತ್ತಿಯಲ್ಲಿ ಹಳೆಯ ದತ್ತಾಂಶ ತೆರೆಯದಿದ್ದರೆ ಹಳೆಯ ಆವೃತ್ತಿಯೇ ಗತಿ. ಅದನ್ನು ಹೀಗೆ ಇಟ್ಟುಕೊಂಡು ಮತ್ತೆ ಅಳವಡಿಸಲು ಯಾರ ಅನುಮತಿಯೂ ಬೇಡದಿರುವುದು ಮುಕ್ತ ತಂತ್ರಾಂಶದ ದೊಡ್ಡ ಅನುಕೂಲ.

ಮರುಸ್ಥಾಪನೆಯ ತಾಳೆ

2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ನಡೆದ ಘಟನೆ ಇಲ್ಲಿ ಉಲ್ಲೇಖನೀಯ. ತಂತ್ರಾಂಶ ಅಭಿವೃದ್ಧಿಗೆ ವೇದಿಕೆ ಒದಗಿಸುವುದೇ ಈ ಸಂಸ್ಥೆಯ ವ್ಯವಹಾರ. ಅದರ ದತ್ತಾಂಶ ಪೋಸ್ಟ್‌ಗ್ರೆಸ್‌ನಲ್ಲಿತ್ತು. ತಡರಾತ್ರಿಯವರೆಗೆ ದುಡಿಯುತ್ತಿದ್ದ ಎಂಜಿನಿಯರ್ ಒಬ್ಬರು ಎರಡನೆಯ ಸರ್ವರಿನಲ್ಲಿ ನೀಡಬೇಕಾಗಿದ್ದ ಅಳಿಸುವ ಆದೇಶವನ್ನು ಮುಖ್ಯ ಸರ್ವರಿನಲ್ಲಿ ನೀಡಿದರು. ತಪ್ಪು ಅರಿವಾಗಿ ತಡೆಯುವಷ್ಟರಲ್ಲಿ ಸುಮಾರು 300 ಗಿಗಾಬೈಟ್ ದತ್ತಾಂಶದಲ್ಲಿ ಉಳಿದದ್ದು ಸುಮಾರು 4.5 ಗಿಗಾಬೈಟ್ ಮಾತ್ರ.

ಬ್ಯಾಕಪ್ಪಿಗಾಗಿ ಅಲ್ಲಿ ಐದು ಬಗೆಯ ಏರ್ಪಾಡುಗಳಿದ್ದವು. ಒಂದೂ ನಂಬುವಂತೆ ಕೆಲಸ ಮಾಡಿರಲಿಲ್ಲ. ‘ಪಿಜಿ ಡಂಪ್’ ಸಾಧನದ ಆವೃತ್ತಿಗೂ ದತ್ತಾಂಶ ಸಂಗ್ರಹದ ಆವೃತ್ತಿಗೂ ಹೊಂದಿಕೆಯಾಗದೆ ದಿನನಿತ್ಯದ ಬ್ಯಾಕಪ್ ವಿಫಲವಾಗುತ್ತಲೇ ಇತ್ತು. ವೈಫಲ್ಯವನ್ನು ತಿಳಿಸುವ ಇ-ಅಂಚೆಗಳು ತಿರಸ್ಕೃತವಾಗುತ್ತಿದ್ದುದರಿಂದ ಯಾರಿಗೂ ಅದರ ಸುಳಿವೇ ಸಿಕ್ಕಿರಲಿಲ್ಲ. ಬೇರೊಂದು ಕೆಲಸಕ್ಕಾಗಿ ಸುಮಾರು ಆರು ಗಂಟೆಗಳ ಮುಂಚೆ ತೆಗೆದಿದ್ದ ಒಂದು ಪ್ರತಿ ಅದೃಷ್ಟವಶಾತ್ ಉಳಿದಿತ್ತು. ಅದರಿಂದ ಸೇವೆಯನ್ನು ಮರಳಿ ಆರಂಭಿಸಲು ಸುಮಾರು 18 ಗಂಟೆಗಳು ಹಿಡಿದವು. ನಡುವಿನ ಆರು ಗಂಟೆಗಳ ನಮೂದುಗಳು ಮರಳಲಿಲ್ಲ. ಸಂಸ್ಥೆಯು ಈ ಎಲ್ಲ ವಿವರಗಳನ್ನು ತಾನೇ ಬಹಿರಂಗಪಡಿಸಿದ್ದರಿಂದ ಜಗತ್ತಿಗೆ ಒಂದು ಪಾಠ ದೊರೆಯಿತು.

ನುರಿತ ಎಂಜಿನಿಯರುಗಳಿರುವ ಸಂಸ್ಥೆಯ ಸ್ಥಿತಿಯೇ ಹೀಗಾದರೆ ಸಣ್ಣ ಉದ್ದಿಮೆಯ ಗತಿಯೇನೆಂದು ಎದೆಗುಂದಬೇಕಿಲ್ಲ. ಅಲ್ಲಿ ಕೊರತೆಯಾದದ್ದು ತಾಳೆ ನೋಡುವ ಕ್ರಮ ಮಾತ್ರ. ವರ್ತಕರಿಗೆ ಅದು ಕರತಲಾಮಲಕ. ಬ್ಯಾಂಕಿನ ಪಾಸ್‌ಪುಸ್ತಕದೊಂದಿಗೆ ತಾಳೆ ನೋಡದ ನಗದು ಪುಸ್ತಕವನ್ನು ಯಾವ ವರ್ತಕನೂ ನಂಬುವುದಿಲ್ಲ. ಮರುಸ್ಥಾಪಿಸಿ ನೋಡದ ಬ್ಯಾಕಪ್ಪನ್ನೂ ಹಾಗೆಯೇ ನಂಬಬಾರದು.

ತಿಂಗಳಿಗೊಮ್ಮೆ ಹೀಗೆ ಮಾಡಬಹುದು. ತಿಂಗಳ ಕೊನೆಯ ದಿನ ಕೆಲಸ ಮುಗಿದ ಮೇಲೆ, ಬ್ಯಾಕಪ್ಪಿಗೆ ಮುನ್ನ, ಕೆಳಗಿನ ಅಂಕಿಗಳನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು:

1. ನಗದು ಶಿಲ್ಕು
2. ಪ್ರತಿ ಬ್ಯಾಂಕ್ ಖಾತೆಯ ಶಿಲ್ಕು
3. ಬರಬೇಕಾದ ಬಾಕಿಗಳ ಒಟ್ಟು ಮೊತ್ತ
4. ಕೊಡಬೇಕಾದ ಬಾಕಿಗಳ ಒಟ್ಟು ಮೊತ್ತ
5. ಕೊನೆಯ ಮಾರಾಟ ಬಿಲ್ಲಿನ ಸಂಖ್ಯೆ ಮತ್ತು ದಿನಾಂಕ

ಮರುದಿನ ಆ ಬ್ಯಾಕಪ್ಪನ್ನು ಬೇರೊಂದು ಹಳೆಯ ಗಣಕಯಂತ್ರದಲ್ಲಿ ಮರುಸ್ಥಾಪಿಸಿ ಅದೇ ಅಂಕಿಗಳನ್ನು ತೆಗೆದು ನೋಡಬೇಕು. ಚಾಲ್ತಿಯಲ್ಲಿರುವ ಸರ್ವರಿನ ಮೇಲೆ ಈ ಪ್ರಯೋಗವನ್ನು ಎಂದಿಗೂ ಮಾಡಕೂಡದು. ಅಂಕಿಗಳು ಪೈಸೆಗೆ ಪೈಸೆ ಕೂಡಿಬಂದರೆ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಮರುಸ್ಥಾಪನೆಗೆ ಹಿಡಿದ ಸಮಯವನ್ನೂ ಬರೆಯಬೇಕು. ನಿಯಮ 57ರಲ್ಲಿ ಹೇಳಿರುವ ಸೂಕ್ತ ಕಾಲಾವಧಿಗೆ ಉದ್ದಿಮೆಯ ಬಳಿ ಇರುವ ಉತ್ತಮ ಪುರಾವೆ ಇದೇ ಆಗಬಲ್ಲದು.

ಇದರ ಬೆಲೆಯನ್ನು ಒಂದು ಊಹೆಯ ಉದಾಹರಣೆಯಿಂದ ತಿಳಿಯಬಹುದು. ದಿನಕ್ಕೆ 40 ಬಿಲ್ಲುಗಳಾಗುವ ಘಟಕದಲ್ಲಿ ಬ್ಯಾಕಪ್ 12 ಕೆಲಸದ ದಿನಗಳಿಂದ ನಿಂತುಹೋಗಿದ್ದರೆ 480 ಬಿಲ್ಲುಗಳನ್ನು ಮತ್ತೆ ನಮೂದಿಸಬೇಕು. ಇ-ಇನ್‌ವಾಯ್ಸ್ ಅಥವಾ ತೆರಿಗೆ ಜಾಲತಾಣದಿಂದ ಮಾರಾಟದ ಕೆಲವು ವಿವರಗಳು ಸಿಗಬಹುದು. ಯಾರಿಂದ ಎಷ್ಟು ವಸೂಲಾಯಿತು, ಯಾವ ಕಚ್ಚಾಮಾಲು ಯಾವ ಕೆಲಸಕ್ಕೆ ಹೋಯಿತು ಎಂಬುದು ಅಲ್ಲಿ ದೊರೆಯುವುದಿಲ್ಲ.

ಡಿಸ್ಕಿನ ಆರೋಗ್ಯ

ಸರ್ವರ್ ನಿಲ್ಲುವ ಅತ್ಯಂತ ಸಾಮಾನ್ಯ ಕಾರಣಗಳಲ್ಲಿ ಡಿಸ್ಕ್ ತುಂಬುವುದೂ ಒಂದು. ಉಗ್ರಾಣ ತುಂಬಿದಾಗ ಹೊಸ ಮಾಲು ಇಳಿಸಲು ಜಾಗವಿಲ್ಲದಂತೆ, ಡಿಸ್ಕ್ ತುಂಬಿದಾಗ ಹೊಸ ಬಿಲ್ಲು ಉಳಿಯುವುದಿಲ್ಲ. ‘ಡಿಎಫ್’ ಎಂಬ ಆದೇಶ ಎಷ್ಟು ಭಾಗ ತುಂಬಿದೆಯೆಂದು ತೋರಿಸುತ್ತದೆ. ಶೇ. 80 ದಾಟಿದರೆ ಕ್ರಮ ಕೈಗೊಳ್ಳಬೇಕು. ಕೆಲವೊಮ್ಮೆ ಜಾಗ ಖಾಲಿಯಿದ್ದರೂ ಕಡತ ಉಳಿಯುವುದಿಲ್ಲ. ಲಕ್ಷಾಂತರ ಚಿಕ್ಕ ಕಡತಗಳು ಸೇರಿ ‘ಐನೋಡ್’ ಎಂಬ ಸೂಚಿಕೆಯ ಸ್ಥಾನಗಳು ಮುಗಿದಿರುವುದು ಇದಕ್ಕೆ ಕಾರಣವಿರಬಹುದು; ಇದನ್ನೂ ಅದೇ ಆದೇಶದ ಇನ್ನೊಂದು ಆಯ್ಕೆಯಿಂದ ನೋಡಬಹುದು.

ಡಿಸ್ಕ್ ಕೆಡುವ ಮುನ್ನ ಅನೇಕ ವೇಳೆ ಸೂಚನೆ ಕೊಡುತ್ತದೆ. ‘ಸ್ಮಾರ್ಟ್’ ಎಂಬ ಸ್ವಯಂಪರೀಕ್ಷೆಯ ವರದಿಯಲ್ಲಿ ಕೆಟ್ಟು ಬದಲಾಯಿಸಲ್ಪಟ್ಟ ಭಾಗಗಳ ಸಂಖ್ಯೆ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಡಿಸ್ಕನ್ನು ಬದಲಾಯಿಸುವ ಕಾಲ ಬಂದಿದೆಯೆಂದು ತಿಳಿಯಬೇಕು. ರೇಡ್ ಇರುವಲ್ಲಿ ಎರಡೂ ಡಿಸ್ಕುಗಳು ಚಾಲ್ತಿಯಲ್ಲಿವೆಯೇ ಎಂದು ವಾರಕ್ಕೊಮ್ಮೆ ನೋಡಬೇಕು. ಮೊದಲನೆಯದು ಸದ್ದಿಲ್ಲದೆ ಕೆಟ್ಟು ತಿಂಗಳುಗಳಾದ ಮೇಲೆ ಎರಡನೆಯದು ಕೆಟ್ಟಾಗಲೇ ವಿಷಯ ಬಯಲಾಗುವ ಪ್ರಸಂಗ ಬರಬಾರದು.

ಆವೃತ್ತಿ ಮತ್ತು ಪರಿಷ್ಕರಣೆ

ಪ್ರತಿಯೊಂದು ಲಿನಕ್ಸ್ ಆವೃತ್ತಿಗೂ ಆಯುಷ್ಯವಿದೆ. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೆ ಐದು ವರ್ಷಗಳ ಸಾಮಾನ್ಯ ಭದ್ರತಾ ಪರಿಷ್ಕರಣೆ ದೊರೆಯುತ್ತದೆ. ಡೆಬಿಯನ್‌ಗೆ ಮೂರು ವರ್ಷಗಳ ಪೂರ್ಣ ಬೆಂಬಲ, ನಂತರ ಎರಡು ವರ್ಷಗಳ ದೀರ್ಘಾವಧಿ ಬೆಂಬಲ. ಉದ್ದಿಮೆಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದ ಸೆಂಟ್‌ಓಎಸ್ 8ರ ಬೆಂಬಲ 2021ರ ಡಿಸೆಂಬರ್ 31ಕ್ಕೂ ಸೆಂಟ್‌ಓಎಸ್ 7ರ ಬೆಂಬಲ 2024ರ ಜೂನ್ 30ಕ್ಕೂ ಮುಗಿಯಿತು. ಅದರ ಸ್ಥಾನದಲ್ಲಿ ಆಲ್ಮಾ ಲಿನಕ್ಸ್, ರಾಕಿ ಲಿನಕ್ಸ್ ಲಭ್ಯವಿವೆ. ಹಳೆಯ ಆವೃತ್ತಿಯನ್ನೇ ಮುಂದುವರಿಸಿರುವವರ ಸರ್ವರ್ ಓಡುತ್ತಲೇ ಇರುತ್ತದೆ, ಆದರೆ ಹೊಸದಾಗಿ ಪತ್ತೆಯಾದ ಲೋಪಗಳಿಗೆ ಪರಿಹಾರ ಬರುವುದಿಲ್ಲ. ವಿಮೆ ಮುಗಿದ ಲಾರಿಯೂ ರಸ್ತೆಯಲ್ಲಿ ಓಡುತ್ತದೆ.

ಹಾಗೆಂದು ಹೊಚ್ಚ ಹೊಸದರ ಬೆನ್ನು ಹತ್ತುವುದೂ ಸಲ್ಲದು. 2024ರ ಮಾರ್ಚ್ ತಿಂಗಳಲ್ಲಿ ‘ಎಕ್ಸ್‌ಝೆಡ್’ ಎಂಬ ಸಂಕುಚನ ತಂತ್ರಾಂಶದ ಹೊಸ ಆವೃತ್ತಿಗಳಲ್ಲಿ ದುರುದ್ದೇಶದಿಂದ ಸೇರಿಸಿದ ಗುಪ್ತ ದ್ವಾರವೊಂದು ಪತ್ತೆಯಾಯಿತು. ಡೆಬಿಯನ್‌ನ ಪ್ರಾಯೋಗಿಕ ಶಾಖೆಗಳಿಗೆ ಅದು ತಲುಪಿತ್ತು, ಸ್ಥಿರ ಆವೃತ್ತಿಗೆ ತಲುಪಿರಲಿಲ್ಲ. ವ್ಯಾಪಾರದ ಸರ್ವರಿಗೆ ಸ್ಥಿರ ಆವೃತ್ತಿಯೇ ಯೋಗ್ಯವೆಂಬುದಕ್ಕೆ ಇದೊಂದು ನಿದರ್ಶನ. ಭದ್ರತಾ ಪರಿಷ್ಕರಣೆಗಳನ್ನು ತಾನಾಗಿ ಅಳವಡಿಸಿಕೊಳ್ಳುವ ಸೌಲಭ್ಯವನ್ನು ಚಾಲೂ ಮಾಡಬೇಕು. ದೊಡ್ಡ ಪರಿಷ್ಕರಣೆಗೆ ಮುನ್ನ ಬ್ಯಾಕಪ್ ಕಡ್ಡಾಯ. ತಿಂಗಳ ಕೊನೆಯಲ್ಲಾಗಲೀ ತೆರಿಗೆ ವಿವರಪಟ್ಟಿ ಸಲ್ಲಿಸುವ ದಿನಗಳಲ್ಲಾಗಲೀ ಈ ಕೆಲಸಕ್ಕೆ ಕೈಹಾಕಬಾರದು.

ಹೊರಗಿನ ಬಾಗಿಲು ಮತ್ತು ದಾಖಲೆಗಳು

ಮಾಲೀಕರು ಮನೆಯಿಂದ ಲೆಕ್ಕ ನೋಡಲು ಅನುಕೂಲವಾಗಲೆಂದು ಸರ್ವರನ್ನು ನೇರವಾಗಿ ಅಂತರಜಾಲಕ್ಕೆ ತೆರೆಯುವುದು ಅಂಗಡಿಯ ಹಿಂಬಾಗಿಲನ್ನು ರಾತ್ರಿಯಿಡೀ ತೆರೆದಿಟ್ಟಂತೆ. ‘ವೈರ್‌ಗಾರ್ಡ್’ನಂತಹ ಖಾಸಗಿ ಸುರಂಗ ಜಾಲದ ಮೂಲಕವೇ ಪ್ರವೇಶವಿರಬೇಕು. ದೂರದಿಂದ ಆದೇಶ ನೀಡುವ ‘ಎಸ್‌ಎಸ್‌ಎಚ್’ ಸೇವೆಯಲ್ಲಿ ರೂಟ್ ಪ್ರವೇಶವನ್ನು ನಿಲ್ಲಿಸಿ, ಪಾಸ್‌ವರ್ಡಿನ ಬದಲು ಗೂಢ ಕೀಲಿಯನ್ನು ಬಳಸಬೇಕು. ಅಗತ್ಯವಿಲ್ಲದ ಎಲ್ಲ ದ್ವಾರಗಳನ್ನು ಫೈರ್‌ವಾಲ್ ಮುಚ್ಚಲಿ.

ಭಾರತೀಯ ಗಣಕಯಂತ್ರ ತುರ್ತು ಸ್ಪಂದನಾ ತಂಡವು, ಅಂದರೆ ಸರ್ಟ್-ಇನ್, 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳು ಕಾರ್ಪೊರೇಟ್ ಸಂಸ್ಥೆಗಳಿಗೂ ಅನ್ವಯಿಸುತ್ತವೆ. ಅವುಗಳ ಪ್ರಕಾರ ಯಂತ್ರದ ಚಟುವಟಿಕೆ ದಾಖಲೆಗಳನ್ನು 180 ದಿನ ಉಳಿಸಿಕೊಳ್ಳಬೇಕು, ನಿರ್ದಿಷ್ಟ ಬಗೆಯ ಸೈಬರ್ ಘಟನೆಗಳು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಡೆಬಿಯನ್‌ನಲ್ಲಿ ಹಳೆಯ ದಾಖಲೆಗಳನ್ನು ತೆಗೆದುಹಾಕುವ ‘ಲಾಗ್‌ರೊಟೇಟ್’ ಸೌಲಭ್ಯದ ಮೂಲ ಹೊಂದಿಕೆ ವಾರಕ್ಕೊಂದರಂತೆ ನಾಲ್ಕು ಕಡತ ಮಾತ್ರ. ಇದನ್ನು ಕನಿಷ್ಠ 26 ವಾರಗಳಿಗೆ ಹೆಚ್ಚಿಸಿದರೆ 182 ದಿನಗಳಾಗುತ್ತವೆ. ಸರ್ವರಿನ ಗಡಿಯಾರವನ್ನು ರಾಷ್ಟ್ರೀಯ ಮಾಹಿತಿ ಕೇಂದ್ರದ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯದೊಂದಿಗೆ ಹೊಂದಿಸುವಂತೆಯೂ ನಿರ್ದೇಶನದಲ್ಲಿದೆ; ಇದಕ್ಕೆ ‘ಕ್ರೋನಿ’ ಸಾಧನವನ್ನು ಬಳಸಬಹುದು. ಗಡಿಯಾರ ತಪ್ಪಿದರೆ ಬಿಲ್ಲಿನ ದಿನಾಂಕವೂ ತಿದ್ದುಪಡಿಯ ಜಾಡೂ ತಪ್ಪುತ್ತವೆ.

ವಿದ್ಯುತ್ತು ಮತ್ತು ಧೂಳು

ಕೆಲಸದ ನಡುವೆ ವಿದ್ಯುತ್ ಹೋದರೆ ದತ್ತಾಂಶ ಅರ್ಧ ಬರೆದ ಸ್ಥಿತಿಯಲ್ಲಿ ಉಳಿಯುತ್ತದೆ. ಯುಪಿಎಸ್ ಇದ್ದರೆ ಸಾಲದು; ಬ್ಯಾಟರಿ ಮುಗಿಯುವ ಮುನ್ನ ಸರ್ವರ್ ತಾನಾಗಿ ಕ್ರಮಬದ್ಧವಾಗಿ ನಿಲ್ಲಬೇಕು. ಇದಕ್ಕಾಗಿ ‘ನಟ್’ ಎಂಬ ಮುಕ್ತ ತಂತ್ರಾಂಶವಿದೆ. ಅಕ್ಕಿ ಗಿರಣಿ, ಮೆಣಸಿನಕಾಯಿ ಮಂಡಿ, ಎರಕದ ಕಾರ್ಖಾನೆಗಳಂತಹ ಕಡೆ ಧೂಳು ಫ್ಯಾನುಗಳನ್ನು ಕಟ್ಟಿಹಾಕುತ್ತದೆ. ಮೂರು ತಿಂಗಳಿಗೊಮ್ಮೆ ಸರ್ವರ್ ನಿಲ್ಲಿಸಿ ಶುಚಿಗೊಳಿಸುವುದು, ಮುಂಗಾರಿಗೆ ಮುನ್ನ ಅರ್ಥಿಂಗ್ ಪರೀಕ್ಷಿಸುವುದು ಅಲ್ಪ ವೆಚ್ಚದ ಕೆಲಸಗಳು.

ನಿರ್ವಹಣಾ ಕರಾರು

ಹೊರಗಿನವರಿಗೆ ನಿರ್ವಹಣೆ ವಹಿಸುವಾಗ ಬಾಯಿಮಾತಿನ ಒಪ್ಪಂದ ಸಾಲದು. ಪಾಸ್‌ವರ್ಡುಗಳು ಉದ್ದಿಮೆಯ ಸ್ವತ್ತು. ತಿಂಗಳಿಗೊಮ್ಮೆ ಮರುಸ್ಥಾಪನೆಯ ಪರೀಕ್ಷೆ ಕಡ್ಡಾಯ. ಕರೆ ಮಾಡಿದ ಎಷ್ಟು ಗಂಟೆಯೊಳಗೆ ಬರಬೇಕು. ಕರಾರು ಮುಗಿದಾಗ ಸಂಪೂರ್ಣ ವಿವರಗಳ ಹಸ್ತಾಂತರ ಎಂಬ ನಾಲ್ಕು ಅಂಶಗಳು ಲಿಖಿತವಾಗಿರಬೇಕು. ಅಂತಿಮ ಬಿಲ್ಲಿನ ಪಾವತಿಯನ್ನು ಹಸ್ತಾಂತರದ ನಂತರವೇ ಮಾಡುವುದು ಜಾಣತನ.

ಕೆಲಸದ ಕಾಲಪಟ್ಟಿ

ಪ್ರತಿದಿನ: ರಾತ್ರಿಯ ಬ್ಯಾಕಪ್ ಕಡತ ಬಂದಿದೆಯೇ, ಅದರ ಗಾತ್ರ ನಿನ್ನೆಯದಕ್ಕಿಂತ ಏಕಾಏಕಿ ಕಡಿಮೆಯಾಗಿದೆಯೇ ಎಂದು ನೋಡಿ ರಿಜಿಸ್ಟರಿನಲ್ಲಿ ಬರೆಯುವುದು.

ಪ್ರತಿ ವಾರ: ಡಿಸ್ಕಿನ ಜಾಗ, ರೇಡ್ ಸ್ಥಿತಿ, ವಿಫಲ ಪ್ರವೇಶ ಯತ್ನಗಳ ಪರಿಶೀಲನೆ, ಹೊರ ಡಿಸ್ಕಿನ ಬದಲಾವಣೆ.

ಪ್ರತಿ ತಿಂಗಳು: ಮರುಸ್ಥಾಪನೆಯ ತಾಳೆ, ಸ್ಮಾರ್ಟ್ ವರದಿ, ಪರಿಷ್ಕರಣೆಗಳ ಪರಿಶೀಲನೆ.

ಪ್ರತಿ ಮೂರು ತಿಂಗಳು: ಶುಚಿಗೊಳಿಸುವಿಕೆ, ಯುಪಿಎಸ್ ಬ್ಯಾಟರಿಯ ಪರೀಕ್ಷೆ, ಬಳಕೆದಾರರ ಖಾತೆಗಳ ಪಟ್ಟಿಯ ಪರಿಶೀಲನೆ.

ಪ್ರತಿ ವರ್ಷ: ವರ್ಷಾಂತ್ಯದ ಪ್ರತಿಗಳ ಸಂಗ್ರಹ, ಲಿನಕ್ಸ್ ಆವೃತ್ತಿಯ ಉಳಿದ ಆಯುಷ್ಯದ ಲೆಕ್ಕ, ಲಕೋಟೆಯಲ್ಲಿನ ಪಾಸ್‌ವರ್ಡುಗಳ ನವೀಕರಣ.

ಇವುಗಳಲ್ಲಿ ದಿನದ ಕೆಲಸಕ್ಕೆ ಹಿಡಿಯುವ ಸಮಯ ಕೆಲವೇ ನಿಮಿಷಗಳು. ಅದನ್ನು ಕಚೇರಿಯ ಗುಮಾಸ್ತರೇ ಮಾಡಬಲ್ಲರು. ಎಲ್ಲವನ್ನೂ ಒಮ್ಮೆಲೇ ಆರಂಭಿಸಲಾಗದವರು ಮರುಸ್ಥಾಪನೆಯ ತಾಳೆಯಿಂದ ಪ್ರಾರಂಭಿಸುವುದು ಯುಕ್ತ. ಈ ತಿಂಗಳ ಕೊನೆಯ ದಿನದ ಬ್ಯಾಕಪ್ಪನ್ನು ಹಳೆಯ ಗಣಕಯಂತ್ರವೊಂದರಲ್ಲಿ ತೆರೆದು ಐದು ಅಂಕಿಗಳನ್ನು ಕೂಡಿಸಿ ನೋಡಿದರೆ, ಉದ್ದಿಮೆಯ ಲೆಕ್ಕಪತ್ರ ಸುರಕ್ಷಿತವಾಗಿದೆಯೇ ಇಲ್ಲವೇ ಎಂಬುದು ಅಂದೇ ತಿಳಿದುಬಿಡುತ್ತದೆ. ಕೂಡಿಬರದಿದ್ದಲ್ಲಿ ಅದು ಸರ್ವರ್ ಇನ್ನೂ ಓಡುತ್ತಿರುವಾಗಲೇ ತಿಳಿದದ್ದು ಲಾಭವೇ ಸರಿ.